ದಾಸ್ತಾನಿನ ಮುಂದಿನ ಗೀಟು

ಈ ಕಥೆಯನ್ನು ಹೆಂಡದಿಂದ ಶುರು ಮಾಡಲೋ, ಲಕೋಟೆಯಿಂದಲೋ? ಹೆಂಡ ಅಂದರೆ ನಿಮ್ಮ ಕಿವಿ ನೆಟ್ಟಗಾಗುತ್ತದೆ, ಬಲ್ಲೆ. ಆದರೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಯಾರೂ ಒಂದು ಗುಟುಕನ್ನೂ ಕುಡಿಯುವುದಿಲ್ಲ. ಚಹಾ ಬಿಟ್ಟರೆ.

೧

(ಮೊದಲ ಕರಡು. ಅರ್ಧ ಹರಿದು ಹಾಕಿದ್ದೇನೆ.)

ಅಂಕಿಅಂಶದ ಕಚೇರಿಯ ಎರಡನೇ ಮಹಡಿಯಲ್ಲಿ ಕೂತು, ದೇಶದ ಜನಕ್ಕೆ ವರ್ಷಕ್ಕೆಷ್ಟು ಬಿಯರ್, ವೈನ್, ವಿಸ್ಕಿ ಒದಗಿತು ಎಂದು ಲೆಕ್ಕ ಹಾಕುವವಳು ನಮ್ಮ ಅಂಕಿಯಕ್ಕ. ತಯಾರಾದದ್ದಕ್ಕೆ ಆಮದು ಕೂಡಿಸು, ರಫ್ತು ಕಳೆ, ಕೊನೆಗೆ ಗೋದಾಮಿನ ದಾಸ್ತಾನು ನೋಡು. ಇಪ್ಪತ್ತೆಂಟು ವರ್ಷ ಇದೇ ಕೆಲಸ. ನಾಲಿಗೆಗೆ ಒಂದು ಹನಿ ತಾಗಿಸಿದವಳಲ್ಲ.

ಈ ಸಲ ಮೇಲಧಿಕಾರಿ ಹತ್ತು ವರ್ಷದ ಪ್ರವೃತ್ತಿ ತೋರಿಸುವ ಗ್ರಾಫ್ ಕೇಳಿದರು. (ಟ್ರೆಂಡ್‌ಗೂ ಪ್ರವೃತ್ತಿ, ಮನುಷ್ಯನ ಸ್ವಭಾವಕ್ಕೂ ಪ್ರವೃತ್ತಿ. ಈ ಪದ ಹುಡುಕಿದವರು ಗಟ್ಟಿಗರು.) ಅಚ್ಚಾದ ವರದಿಗಳ ಪಕ್ಕ ತನ್ನ ಕರಡುಗಳ ಜೆರಾಕ್ಸ್ ಇಟ್ಟು ನೋಡಿದಳು. ಕಳೆದ ಮೂರು ವರ್ಷ ವಿಸ್ಕಿಯ ಸಾಲು ಅವಳ ಕರಡಿನಲ್ಲಿ ಏರುತ್ತಿದೆ. ಅಚ್ಚಿನಲ್ಲಿ ಇಳಿಯುತ್ತಿದೆ.

೨

ಕರಡಿಗೂ ಅಚ್ಚಿಗೂ ನಡುವೆ ಇರುವುದು ಒಂದೇ ಮೇಜು: ಎದುರು ಕೂರುವ ಪರಿಶೀಲಕರದು. ಕೈಯಲ್ಲಿ ಸದಾ ರಬ್ಬರ್ ಹಿಡಿದಿರುವುದರಿಂದ ಇಡೀ ಕಚೇರಿಗೆ ಅವರು ರಬ್ಬರಣ್ಣ.

ಈಗ ಒಂದೊಂದೂ ಅವಳ ಕಣ್ಣಿಗೆ ಚುಚ್ಚತೊಡಗಿತು. ಹೊಸ ಬೂಟು. ವಿಸ್ಕಿ ಕಾರ್ಖಾನೆಯವರೊಡನೆ ಫೋನಿನಲ್ಲಿ ನಗುನಗುತ್ತಾ ಮಾತು. ದಿನಾ ಅವಳಿಗೂ ಒಂದು ಲೋಟ ಚಹಾ ತಂದಿಡುವುದು ಕೂಡ ಬಾಯಿ ಮುಚ್ಚಿಸುವ ಉಪಾಯದಂತೆ ಕಂಡಿತು. ಕಾರ್ಖಾನೆಯವರ ಲಂಚ ತಿಂದು ಅಂಕಿ ತಿದ್ದಿದ್ದಾರೆಂದು ದೂರು ಬರೆದಳು, ಲಕೋಟೆಗೆ ಹಾಕಿದಳು, ಮೇಲಧಿಕಾರಿಯ ಟ್ರೇಯಲ್ಲಿಟ್ಟು ಬಂದಳು. ಅವರು ಊಟ ಮುಗಿಸಿ ಬಂದು ಅದನ್ನು ಒಡೆದರೆ, ನಿವೃತ್ತಿಗೆ ಇನ್ನೆರಡೇ ತಿಂಗಳಿರುವ ರಬ್ಬರಣ್ಣ ಕೆಲಸ ಕಳೆದುಕೊಂಡು ತಲೆ ತಗ್ಗಿಸಿ ಮನೆಗೆ ಹೋಗಬೇಕು.

(ಇಲ್ಲಿ ಅಂಕಿಯಕ್ಕ ನನ್ನ ಜತೆ ಜಗಳಕ್ಕೇ ನಿಂತಳು.

"ಬೂಟಿನ ಮಾತು ಯಾಕೆ ಬರೆದ್ರಿ? ನಾನೇನು ಅಷ್ಟು ಸಣ್ಣವಳಾ?"

"ನೋಡಿದ್ದು ನೀನೇ ತಾನೇ ತಾಯಿ?"

"ನೋಡೋದು ಬೇರೆ. ಅದನ್ನ ಊರಿಗೆಲ್ಲಾ ಹೇಳೋದು ಬೇರೆ.")

೩

ಹೊಡೆದು ಹಾಕಿದ್ದೇನೆ. ಇಲ್ಲಿ ಕಾರ್ಖಾನೆಯವರ ಕಪ್ಪು ಕಾರೊಂದು ಬಂದಿತ್ತು. ನನಗೆ ಕಾರು ಓಡಿಸಲು ಬರುವುದಿಲ್ಲ.

೪

ಲಕೋಟೆ ಇಟ್ಟು ಬಂದವಳಿಗೆ ಸುಮ್ಮನೆ ಕೂರಲಾಗಲಿಲ್ಲ. ಚಹಾ ತರಲು ಹೋಗಿದ್ದ ರಬ್ಬರಣ್ಣ ಬಂದು ಲೋಟ ಇಟ್ಟದ್ದೇ ತಡ, ಕೇಳಿಬಿಟ್ಟಳು.

"ಅಣ್ಣಾ, ನನ್ನ ಕರಡು ತಿದ್ದಿದ್ದು ಯಾರು?"

"ನಾನೇ."

"ಯಾರು ಹೇಳಿ ತಿದ್ದಿದ್ರಿ?"

"ಫಾರಂ ಹೇಳ್ತು." ರಬ್ಬರಣ್ಣ ಕನ್ನಡಕ ಏರಿಸಿಕೊಂಡು ಈ ವರ್ಷದ ಕರಡನ್ನು ಅವಳತ್ತ ತಿರುಗಿಸಿದರು. "ಹಳೇ ಫಾರಮಲ್ಲಿ ಗೋದಾಮಿಂದ ಹೊರಗೆ ಬಂದದ್ದನ್ನ ಬರೀತಿದ್ವಿ, ಕೂಡಿಸ್ಬೇಕಿತ್ತು. ಮೂರು ವರ್ಷದಿಂದ ಫಾರಂ ಬೇರೆ. ಒಳಗೆ ಹೋದದ್ದನ್ನ ಬರೀತೀವಿ, ಕಳೀಬೇಕು. ನಿಮ್ಮ ಕೈ ಇನ್ನೂ ಕೂಡಿಸ್ತಾನೇ ಇದೆ ಅಕ್ಕಾ. ಬೀಗ ಹಾಕಿರೋ ಬಾಟ್ಲಿನೆಲ್ಲ ಜನಕ್ಕೆ ಕುಡಿಸ್ಬಿಟ್ಟಿದ್ದೀರಿ!"

ಹಳೆಯ ಮೂರೂ ಮೂಲಪ್ರತಿಗಳನ್ನು ತೆಗೆದು ತೋರಿಸಿದರು. ದಾಸ್ತಾನಿನ ಮುಂದೆ ಅವಳು ಪೆನ್ಸಿಲಿನಲ್ಲಿ ಹಾಕಿದ್ದ ಕೂಡಿಸುವ ಗುರುತು. ಅದರ ಅಡ್ಡಗೀಟು ಹಾಗೇ ಇತ್ತು. ನಿಂತ ಗೀಟನ್ನಷ್ಟೇ ಉಜ್ಜಿ ತೆಗೆದಿದ್ದರು. ಕೂಡುವುದು ಕಳೆಯುವುದಾಗಲು ಅಷ್ಟು ಸಾಕಲ್ಲ.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಒಂದು ಗೀಟಿಗೆ ಏನಂತ ಹೇಳೋದು? ನನ್ನ ತಪ್ಪು ನೀವೆಷ್ಟು ನುಂಗ್ಕೊಂಡಿಲ್ಲ. ಚಹಾ ಆರ್ತಾ ಇದೆ, ಕುಡೀರಿ."

೫, ಮತ್ತು ೫, ಮತ್ತು ೫

ಅವಳು ಓಡಿಹೋಗಿ ಲಕೋಟೆ ತಂದು ಚೂರುಚೂರು ಮಾಡಿದಳು. ನನಗೆ ಈ ಕೊನೆಯೇ ಇಷ್ಟ. ಅಂಕಿಯಕ್ಕನಿಗೆ ಇಲ್ಲ: "ಅಷ್ಟು ಸಲೀಸಾಗಿ ನನ್ನನ್ನ ಬಿಟ್ಬಿಡ್ತೀರಾ?"

ಮೇಲಧಿಕಾರಿ ಬೇಗ ಬಂದು ಓದಿಬಿಟ್ಟಿದ್ದರು. (ಇದನ್ನು ಬರೆದು ನೀರು ಕುಡಿಯಲು ಎದ್ದೆ. ಬಂದು ನೋಡಿದರೆ ಮನಸ್ಸಾಗಲಿಲ್ಲ. ಅಳಿಸಿದೆ.)

ಅವಳು ಓಡಿದಳು. ಮೇಲಧಿಕಾರಿ ಇನ್ನೂ ಬಂದಿರಲಿಲ್ಲ. ಟ್ರೇ ಮಾತ್ರ ಖಾಲಿ. ಕಾಲೆಳೆದುಕೊಂಡು ತಿರುಗಿ ಬಂದಾಗ ರಬ್ಬರಣ್ಣನ ಡ್ರಾಯರು ಒಂದು ಬೆರಳಿನಷ್ಟು ತೆರೆದಿತ್ತು. ಒಳಗೆ ಬಿಳಿಯದೇನೋ ಒಂದು ಅಂಚು.

"ಅದು ನನ್ನ ಲಕೋಟೆನಾ?" ಎಂದು ನನ್ನನ್ನು ಕೇಳಿದಳು.

"ಇರಬಹುದು. ಕರವಸ್ತ್ರವೂ ಇರಬಹುದು."

"ಬರೆಯೋರು ನೀವು. ನಿಮಗೇ ಗೊತ್ತಿಲ್ವಾ?"

"ಅವರನ್ನೇ ಕೇಳು."

ಕೇಳಲಿಲ್ಲ. ಕೈ ಚಾಚಿದಳು. "ಅಣ್ಣಾ, ಆ ರಬ್ಬರ್ ಸ್ವಲ್ಪ ಕೊಡಿ."

ಯಾಕೆ ಎಂದು ಅವರೂ ಕೇಳಲಿಲ್ಲ. ರಬ್ಬರನ್ನು ಅಂಗಿಗೆ ಒರೆಸಿ ಅವಳ ಅಂಗೈಯಲ್ಲಿಟ್ಟರು. ಇನ್ನೊಂದು ಕೈ ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿತು.

ಅವಳು ಈ ವರ್ಷದ ಕರಡಿನ ನಿಂತ ಗೀಟನ್ನು ಉಜ್ಜತೊಡಗಿದ್ದಾಳೆ. ಕೆಳಗಿನಿಂದ ಮೇಲಧಿಕಾರಿಯ ಹೆಜ್ಜೆ ಸದ್ದು ಮೆಟ್ಟಿಲೇರುತ್ತಿದೆ. ಒಟ್ಟು ಎಷ್ಟು ಮೆಟ್ಟಿಲು ಎಂದು ನಾನು ಎಲ್ಲೂ ಬರೆದಿಲ್ಲ. ಬರೆಯುವ ತನಕ ಅವರು ಹತ್ತುತ್ತಲೇ ಇರಲಿ.