ಮೇಲಿನ ಕ್ಲಬ್ಬು, ಕೆಳಗಿನ ಕ್ಲಬ್ಬು

ಊರಿನಲ್ಲಿ ಆಟದ ರೈಲಿನ ಕ್ಲಬ್ಬುಗಳು ಎರಡಿದ್ದವು. ‘ಆಟದ ರೈಲು’ ಎಂದರೆ ಎರಡು ಕ್ಲಬ್ಬಿನವರಿಗೂ ಮೈ ಉರಿಯುತ್ತಿತ್ತು; ‘ಮಾದರಿ ರೈಲು’ ಎನ್ನಬೇಕು. ಅವರಿಬ್ಬರ ನಡುವೆ ಒಮ್ಮತ ಉಳಿದಿದ್ದದ್ದು ಈ ಒಂದು ವಿಷಯದಲ್ಲಿ ಮಾತ್ರ. ಬಲ್ಬು, ವೈರು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕ್ಲಬ್ಬು, ಅದೇ ಅಂಗಡಿಯ ನೆಲಮಾಳಿಗೆಯಲ್ಲಿ ಇನ್ನೊಂದು. ಹಿಂದೆ ಎರಡೂ ಒಂದೇ ಆಗಿದ್ದವು. ಯಾಕೆ ಒಡೆಯಿತೆಂದು ಕೇಳಿದರೆ ಮೇಲಿನವರು ಕೆಳಗೆ ಬೆರಳು ತೋರಿಸುತ್ತಿದ್ದರು, ಕೆಳಗಿನವರು ಮೇಲೆ. ಪಾಲಾದಾಗ ರೈಲು ನಿಲ್ದಾಣಗಳೆಲ್ಲ ಮೇಲಕ್ಕೆ ಹೋದವು, ಬೊಂಬೆಗಳೆಲ್ಲ ಕೆಳಗೆ ಉಳಿದವು. ಒಂದಕ್ಕೆ ಸೇರಿದವರು ಇನ್ನೊಂದಕ್ಕೆ ಸೇರುವಂತಿಲ್ಲ ಎಂಬ ಫಲಕ ಎರಡು ಬಾಗಿಲ ಮೇಲೂ ಇತ್ತು, ಎರಡನ್ನೂ ಬರೆದದ್ದು ಒಬ್ಬನೇ ಪೇಂಟರು.

ಈ ಕಟ್ಟಡದ ಮೆಟ್ಟಿಲ ಬುಡಕ್ಕೆ ಒಂದು ಭಾನುವಾರ ಮಧ್ಯಾಹ್ನ ಹಲ್ಲಿನಕ್ಕ ಬಂದು ನಿಂತಳು. ಊಟದ ಮೇಜಿನಷ್ಟು ಉದ್ದದ ಹಲಗೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ತಕ್ಕಡಿ ರಿಪೇರಿ ಮಾಡುವ ಅವಳ ಗಂಡನ ಕೈಯಲ್ಲಿತ್ತು.

ಹಲ್ಲಿನಕ್ಕನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ಅಚ್ಚು ಕಳಿಸುತ್ತಿದ್ದರು, ಅವಳು ಹಿಂದಿನ ಕೋಣೆಯಲ್ಲಿ ಕೂತು ದವಡೆಗೆ ತಕ್ಕ ಹಲ್ಲು ಕೂರಿಸಿ ಕಳಿಸುತ್ತಿದ್ದಳು. ಹಾಕಿಕೊಂಡವರ ಮುಖವನ್ನು ಅವಳು ನೋಡಿದ್ದಿಲ್ಲ, ಅವಳ ಮುಖವನ್ನು ಅವರು ನೋಡಿದ್ದಿಲ್ಲ. ಯಾರ ಬಾಯಲ್ಲಿ ಏನಿದೆ ಎಂಬುದನ್ನು ಕಟ್ಟಿಕೊಂಡ ಗಂಡನಿಗೂ ಹೇಳಬಾರದ ಕಸುಬು ಅದು. ಉಳಿದ ಚೂರುಪಾರು ಸಾಮಾನಿನಲ್ಲಿ ಅವಳು ಬೊಂಬೆ ಮಾಡುತ್ತಿದ್ದಳು. ಹಲಗೆಯ ಮೇಲಿನ ಪುಟ್ಟ ನಿಲ್ದಾಣದಲ್ಲಿ ಹುರುಳಿಕಾಳಿಗಿಂತ ಒಂದಿಷ್ಟೇ ಎತ್ತರದ ಜನ ತುಂಬಿದ್ದರು. ಮಗಳ ಶೂ ಲೇಸು ಕಟ್ಟಲು ಬಗ್ಗಿದ ಅಪ್ಪ, ಪೆಟ್ಟಿಗೆಗೆ ಒರಗಿ ನಿದ್ದೆ ಹೋದ ಮುದುಕಿ, ಜಗಳವಾಡಿಕೊಂಡು ಒಂದೇ ಬೆಂಚಿನ ಎರಡು ತುದಿಯಲ್ಲಿ ಮುಖ ತಿರುಗಿಸಿ ಕೂತ ಗಂಡ ಹೆಂಡತಿ. ಬಳಿದ ಬಣ್ಣ ಗೀರಿದರೆ ಒಳಗೆ ಎಲ್ಲರೂ ವಸಡಿನ ಬಣ್ಣದವರೇ.

ಇಷ್ಟೆಲ್ಲ ಇದ್ದರೂ ರೈಲಿನದೇ ತೊಂದರೆ. ಮನೆಯಲ್ಲಿ ಹಲಗೆಯ ಈ ತುದಿಯಲ್ಲಿ ಅವಳು ರೈಲು ಬಿಡುವುದು, ಆ ತುದಿಯಲ್ಲಿ ಗಂಡ ಹಿಡಿಯುವುದು. ಕೈಯಿಂದ ಹೊರಟು ಕೈಗೆ ಸೇರುವ ರೈಲು. ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ಆ ಗಾಡಿಗೆ ಇಷ್ಟು ಜನ ಮೂಟೆ ಮುಡಿ ಕಟ್ಟಿಕೊಂಡು ಕಾಯುತ್ತಿದ್ದಾರಲ್ಲ ಎಂದು ಅವಳಿಗೆ ತನ್ನ ಬೊಂಬೆಗಳ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಕ್ಲಬ್ಬಿನಲ್ಲಿ ಹಾಗಲ್ಲ. ಒಬ್ಬೊಬ್ಬರು ಒಂದೊಂದು ಹಲಗೆ ತಂದು ತುದಿಗೆ ತುದಿ ಜೋಡಿಸುತ್ತಾರೆ. ಒಬ್ಬರ ಗುಡ್ಡದಿಂದ ಹೊರಟ ರೈಲು ನಿಮ್ಮ ಊರಲ್ಲಿ ನಿಂತು ಮತ್ತೊಬ್ಬರ ಸೇತುವೆ ದಾಟುತ್ತದೆ. ಅವಳಿಗೆ ಬೇಕಾದದ್ದು ಅಷ್ಟೇ.

“ಮೇಲೋ ಕೆಳಗೋ ಬೇಗ ಹೇಳು, ಕೈ ಬಿದ್ದು ಹೋಗ್ತಿದೆ” ಎಂದ ಗಂಡ.

“ಮೇಲಿಂದ ಶುರು ಮಾಡೋಣ.”

“ಮೇಲಿಂದ ಶುರು ಮಾಡಿದ್ರೆ ಹತ್ತೋದು ನಾನು ಕಣೇ.”

ಮೇಲಿನ ಕ್ಲಬ್ಬಿನ ಅಧ್ಯಕ್ಷರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನೆಲವನ್ನು ಅಳೆದೂ ಅಳೆದೂ ನಿಂತಲ್ಲೇ ಕಂಬದಂತೆ ನೆಟ್ಟಗಾಗಿದ್ದರು. ಅವರು ತೋರಿಸಿದ ರೈಲುದಾರಿ ನೋಡಿ ಹಲ್ಲಿನಕ್ಕ ನಿಜಕ್ಕೂ ಮೂಗಿನ ಮೇಲೆ ಬೆರಳಿಟ್ಟಳು. ಹಳಿಯ ಪಕ್ಕ ತುಕ್ಕು, ಜಲ್ಲಿಯ ಮೇಲೆ ಎಣ್ಣೆಯ ಕಲೆ, ನೀರಿನ ಟ್ಯಾಂಕಿನ ಕೆಳಗೆ ಸೋರಿದ ಗುರುತು. ನಿಲ್ದಾಣದ ಮೇಲೆ ನಿಲ್ದಾಣ. ಒಂದರಲ್ಲೂ ಒಂದು ನರಪಿಳ್ಳೆ ಇರಲಿಲ್ಲ.

“ಜನ ಎಲ್ಲಿ ಸಾರ್?” ಎಂದಳು.

“ಜನ ಇಲ್ಲ.”

“ಊಟಕ್ಕೆ ಹೋಗಿದಾರಾ?” ಎಂದ ಗಂಡ.

ಅಧ್ಯಕ್ಷರು ನಗಲಿಲ್ಲ. ಅವನತ್ತ ತಿರುಗದೆಯೇ ವಿವರಿಸಿದರು. “ನೋಡಿ ಅಮ್ಮ, ರೈಲು ಓಡುತ್ತೆ. ಸಿಗ್ನಲ್ಲು ಬೀಳುತ್ತೆ. ಗೇಟು ಮುಚ್ಚುತ್ತೆ. ಬೊಂಬೆ ಅಲ್ಲಾಡಲ್ಲ. ಓಡೋಕೆ ಅಂತ ಒಂದು ಕಾಲು ಎತ್ತಿದವನು ಹತ್ತು ವರ್ಷ ಆದ್ರೂ ಒಂಟಿ ಕಾಲಲ್ಲೇ ಇರ್ತಾನೆ. ಸುಳ್ಳು ಅನ್ನೋದು ಕಣ್ಣಿಗೆ ಹೊಡೆಯುತ್ತೆ. ನಮ್ಮಲ್ಲಿ ಸುಳ್ಳಿಗೆ ಜಾಗ ಇಲ್ಲ.”

ಇಷ್ಟು ಹೇಳಿ ಸಮಾಧಾನವಾಗಿ ಮುಗುಳ್ನಕ್ಕರು. ಆ ನಗುವಿನಲ್ಲಿ ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ಓರೆಯಾಗಿ ಕಂಡಿತು. ಹಲ್ಲಿನಕ್ಕ ಅಲ್ಲೇ ನಿಂತುಬಿಟ್ಟಳು. ಹುಟ್ಟಿದ ಹಲ್ಲಿನಂತೆ ಕಾಣಲಿ ಎಂದು ಬೇಕೆಂದೇ ಓರೆ ಮಾಡಿ ಕೂರಿಸಿದವಳು ಅವಳೇ. ಮದುವೆ ಮಾಡಿಕೊಟ್ಟ ಮಗಳು ಅಚಾನಕ್ಕಾಗಿ ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕಂಡ ಹಾಗಾಯಿತು ಅವಳಿಗೆ. ಚೆನ್ನಾಗಿದ್ದಾಳೆ, ಹೊಂದಿಕೊಂಡಿದ್ದಾಳೆ ಎಂದು ಮನಸ್ಸು ತುಂಬುವಷ್ಟರಲ್ಲಿ ಆ ಹಲ್ಲುಗಳೇ ಮುಂದುವರಿಸಿದವು.

“ಹಲಗೆ ಕೆಲಸ ಅಚ್ಚುಕಟ್ಟಾಗಿದೆ. ಈ ಬೊಂಬೆಗಳನ್ನೆಲ್ಲ ಕಿತ್ತುಹಾಕಿ ತನ್ನಿ, ಸೇರಿಸ್ಕೋತೀವಿ.”

ಹಲ್ಲಿನಕ್ಕನ ಪಿತ್ತ ನೆತ್ತಿಗೇರಿತು. ಸುಳ್ಳಿಗೆ ಜಾಗವಿಲ್ಲವಂತೆ. ಆ ಮಾತು ಹೊರಬಿದ್ದದ್ದು ಯಾವ ಬಾಗಿಲಿನಿಂದ ಎಂದು ಹೇಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. “ಬರ್ತೀವಿ ಸಾರ್” ಎಂದು ಹಲಗೆ ಎತ್ತಿದಳು. ಎತ್ತಿದ ರಭಸಕ್ಕೆ ಗಂಡನ ತುದಿ ಬಾಗಿಲಿಗೆ ತಾಗಿತು.

“ಅಷ್ಟೊಂದು ಸಿಟ್ಟು ಯಾಕೆ?” ಎಂದ ಅವನು, ಹಿಂದು ಹಿಂದಾಗಿ ಮೆಟ್ಟಿಲಿಳಿಯುತ್ತ. “ಬೊಂಬೆ ಬೇಡ ಅಂದ್ರು. ನಿನ್ನನ್ನ ಬೇಡ ಅಂದ್ರಾ?”

“ಮನೆಗೆ ಬಾ, ಹೆಂಡ್ತಿ ಮಕ್ಕಳನ್ನ ಬಾವಿಗೆ ತಳ್ಳಿ ಬಾ ಅಂದ್ರೆ ನೀನು ಹೋಗ್ತೀಯಾ?”

ಗಂಡ ಕೊಂಚ ಯೋಚಿಸಿದ. “ಯಾರ ಮನೆ ಅಂತ ನೋಡ್ಬೇಕು” ಎಂದ.

ನೆಲಮಾಳಿಗೆಯಲ್ಲಿ ಬೇರೆಯೇ ಲೋಕ. ಟೀ ವಾಸನೆ, ಬೆಸುಗೆಯ ಹೊಗೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಕಾಗದ ನೆನೆಸಿ ಮಾಡಿದ ಬೆಟ್ಟಗಳಲ್ಲಿ ಹಳೆಯ ಪತ್ರಿಕೆಯ ತಲೆಬರಹಗಳನ್ನು ಓದಬಹುದಿತ್ತು. ರೈಲು ಪ್ರತಿ ತಿರುವಿನಲ್ಲೂ ಹಳಿ ತಪ್ಪುತ್ತಿತ್ತು, ಯಾರೋ ಒಬ್ಬರು ಎತ್ತಿ ಕೂರಿಸುತ್ತಿದ್ದರು, ಮಿಕ್ಕವರು ಹೋ ಎನ್ನುತ್ತಿದ್ದರು. ಜನವೋ ಜನ. ಮಾರುಕಟ್ಟೆಯಲ್ಲಿ, ಹೊಲದಲ್ಲಿ, ಮಾಳಿಗೆಯ ಮೇಲೆ, ಒಬ್ಬನಂತೂ ಮರದ ಮೇಲೆ. ನಿಲ್ದಾಣವೊಂದೇ ಇರಲಿಲ್ಲ. ಇಷ್ಟು ಜನರ ಊರನ್ನು ರೈಲು ಸುತ್ತುತ್ತಲೇ ಇತ್ತು, ಹತ್ತಿಸಿಕೊಳ್ಳುವ ಗೊಡವೆ ಇರಲಿಲ್ಲ.

ಕಾರ್ಯದರ್ಶಿ ಲಿಫ್ಟ್ ಮೆಕ್ಯಾನಿಕ್. ಹೆಸರು ಕೇಳುವುದಕ್ಕೆ ಮೊದಲೇ ಅವನು ಅವಳ ಹಲಗೆಯನ್ನು ಮಾರುಕಟ್ಟೆಗೂ ಸೇತುವೆಗೂ ನಡುವೆ ತೂರಿಸಿ ಎರಡೂ ಬದಿಗೆ ಕ್ಲಾಂಪು ಬಿಗಿದಿದ್ದ.

“ಸ್ಟೇಷನ್ ಬಂತ್ರಪ್ಪೋ. ಎಷ್ಟು ವರ್ಷ ಆಯ್ತು ನಮ್ಮ ಗಾಡಿ ನಿಂತು. ಅಕ್ಕ, ನೀವು ದೇವರು ಬಂದಂಗೆ ಬಂದ್ರಿ.”

ಗುಂಡಿ ತಿರುಗಿಸಿದ. ಬೆಟ್ಟದ ಹಿಂದಿನಿಂದ ರೈಲು ಹೊರಟಿತು, ಎರಡು ಬಾರಿ ಹಳಿ ತಪ್ಪಿತು, ಮಾರುಕಟ್ಟೆ ದಾಟಿತು, ತಿರುವಿನಲ್ಲಿ ಕಾಣದಾಯಿತು. ಆಮೇಲೆ ಹಲ್ಲಿನಕ್ಕನ ನಿಲ್ದಾಣದೊಳಕ್ಕೆ ಬಂದು ನಿಂತಿತು. ಎಲ್ಲಿಂದಲೋ ಬಂದ ರೈಲು. ಮುದುಕಿ ಮಲಗಿಯೇ ಇದ್ದಳು, ಅಪ್ಪ ಲೇಸು ಕಟ್ಟುತ್ತಲೇ ಇದ್ದ. ಆದರೂ ಹಲ್ಲಿನಕ್ಕನಿಗೆ ಎಲ್ಲರೂ ಎದ್ದು ನಿಂತ ಹಾಗನ್ನಿಸಿತು. ಅವಳ ಕಣ್ಣು ತುಂಬಿದ್ದನ್ನು ನೋಡಿ ಗಂಡ ಟೀ ಲೋಟವನ್ನು ಕೆಳಗಿಟ್ಟ.

“ಇನ್ನೊಂದು ಸಣ್ಣ ಕೆಲಸ ಇದೆ ಅಕ್ಕ” ಎಂದು ಕಾರ್ಯದರ್ಶಿ ಅವಳನ್ನು ಮಾರುಕಟ್ಟೆಯ ಹಿಂಬದಿಗೆ ಕರೆದ. ಅಲ್ಲೊಂದು ಸಾರ್ವಜನಿಕ ಶೌಚಾಲಯ. ಅದರ ಮುಂದೆ ಐದು ಬೊಂಬೆಗಳ ಸಾಲು. ಮೊದಲನೆಯ ಬೊಂಬೆ ಎರಡು ಕೈಯಲ್ಲೂ ಪ್ಯಾಂಟು ಹಿಡಿದು ಬಗ್ಗಿತ್ತು. “ನಮ್ಮನ್ನ ಬಿಟ್ಟು ಮಹಡಿ ಹತ್ತಿದೋರು. ಮೊದಲನೆಯವನು ಅಧ್ಯಕ್ಷ. ಇವನನ್ನ ಇಲ್ಲಿ ನಿಲ್ಲಿಸಿದ್ದಕ್ಕೇ ಕ್ಲಬ್ಬು ಒಡೆದಿದ್ದು. ಒಂದು ತಮಾಷೆ ತಡ್ಕೊಳ್ಳೋಕಾಗ್ಲಿಲ್ಲ ಮಹಾನುಭಾವನಿಗೆ. ಆದ್ರೆ ಬೊಂಬೆ ಮೊದಲಿನ ಹಾಗಿಲ್ಲ, ಯಾರು ಅಂತ್ಲೇ ಗೊತ್ತಾಗಲ್ಲ. ನೀವು ಹೊಸದಾಗಿ ಮಾಡ್ಕೊಡ್ಬೇಕು. ಬಾಯಿ ತೆರೆಸಿ. ಬೊಚ್ಚುಬಾಯಿ. ಊರಿನ ಅರ್ಧ ಬಾಯಿ ನಿಮ್ಮ ಕೈಲಿದೆಯಂತೆ, ನಿಮ್ಮ ಯಜಮಾನ್ರು ಹೇಳಿದ್ರು, ಅವನ ಅಚ್ಚೂ ಇರ್ಬೇಕಲ್ಲ.”

“ಯಾರ ಅಚ್ಚೂ ಇಲ್ಲ.”

“ಅಯ್ಯೋ, ಇರುತ್ತೆ ಬಿಡಿ.”

“ಇದ್ರೂ ಇಲ್ಲ.”

ಹೇಳಿದ ರೀತಿಗೆ ಟೀ ಬಗ್ಗಿಸುತ್ತಿದ್ದವನ ಕೈ ತಡೆಯಿತು. ಹಲ್ಲಿನಕ್ಕ ಸಾಲನ್ನೇ ನೋಡುತ್ತಿದ್ದಳು. ಕೋಟು ತೊಟ್ಟ ಮೂರನೆಯ ಬೊಂಬೆಯ ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿತ್ತು.

“ಇದ್ಯಾರು?”

“ಸ್ಟುಡಿಯೋದವನು” ಎಂದ ಟೀಯವನು. “ಅವನು ತೀರ್ಕೊಂಡ್ನಲ್ಲ ಅಕ್ಕ, ಹೋದ ವರ್ಷ.”

ರೈಲು ಎಲ್ಲೋ ಹಳಿ ತಪ್ಪಿತು, ಈ ಸಲ ಯಾರೂ ಹೋ ಎನ್ನಲಿಲ್ಲ.

“ತೀರ್ಕೊಂಡ್ರಾ” ಎಂದಳು ಹಲ್ಲಿನಕ್ಕ. “ಮಣ್ಣಿಗೆ ಹೋಗಿದ್ರಾ ನೀವು?”

“ಎಲ್ರೂ ಹೋಗಿದ್ವಿ” ಎಂದ ಕಾರ್ಯದರ್ಶಿ. “ಒಳ್ಳೆ ಮನುಷ್ಯ. ನಾನು ಅತ್ತೇಬಿಟ್ಟೆ.”

“ಅತ್ತು ಬಂದು ಮತ್ತೆ ಇಲ್ಲೇ ನಿಲ್ಲಿಸಿದೀರಿ. ಕಕ್ಕಸಿನ ಕ್ಯೂನಲ್ಲಿ.”

“ತೆಗೀಬೇಕು ಅಂತಲೇ ಇತ್ತು. ಕಮಿಟಿ ಸೇರ್ಬೇಕಲ್ಲ ಅಕ್ಕ. ಒಬ್ಬರೇ ತೆಗೆಯೋಕಾಗುತ್ತಾ?”

ಹಲ್ಲಿನಕ್ಕನ ಚೀಲದಲ್ಲಿ ಚಿಮುಟ ಸದಾ ಇರುತ್ತಿತ್ತು. ಕ್ಯಾಮೆರಾದವನ ಬುಡಕ್ಕೆ ಅದನ್ನು ತೂರಿಸಿ, ಸಡಿಲ ಹಲ್ಲು ಬಿಡಿಸುವ ಹಾಗೆ ಒಮ್ಮೆ ತಿರುವಿ ಎತ್ತಿಕೊಂಡಳು. ಅಂಗೈಯಲ್ಲಿಟ್ಟುಕೊಂಡು ಯಾರಿಗೂ ಹೇಳದೆ ಮೆಟ್ಟಿಲು ಹತ್ತಿದಳು. ಹಲಗೆಯ ಭಾರವಿಲ್ಲದಿದ್ದರೂ ಈ ಸಲ ಏದುಸಿರು ಬಂತು.

ಅಧ್ಯಕ್ಷರು ಅಂಗೈ ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

“ಈ ಕೋಟು ಅವನ ಹತ್ರ ಇತ್ತು” ಎಂದರು.

“ನಿಮ್ಮ ಕಡೆಯವರೇ ಅಲ್ವಾ ಸಾರ್. ನಿಮ್ಮ ಸ್ಟೇಷನ್ನಿನಲ್ಲಿ ಎಷ್ಟೊಂದು ಬೆಂಚು ಖಾಲಿ ಬಿದ್ದಿವೆ. ಒಂದರ ಮೇಲೆ ಕೂರಿಸಿ.”

“ಒಬ್ಬನನ್ನ ಬಿಟ್ಕೊಂಡ್ರೆ ಎಲ್ರೂ ತರ್ತಾರೆ.”

“ತರ್ಲಿ.”

“ಕೆಳಗಡೆ ನನ್ನನ್ನ ಎಲ್ಲಿ ನಿಲ್ಲಿಸಿದಾರೆ ಅಂತ ನೋಡಿದ್ರಲ್ಲ” ಎಂದರು ಅಧ್ಯಕ್ಷರು, ಹಳಿಯ ಮೇಲಿನ ಇಲ್ಲದ ಧೂಳನ್ನು ಬ್ರಷ್ಷಿನಿಂದ ಗುಡಿಸುತ್ತ. “ನನ್ನ ಮೊಮ್ಮಗಳು ನೋಡಿ ನಕ್ಕಳು. ಅವತ್ತೇ ತೀರ್ಮಾನ ಮಾಡ್ದೆ. ಜನದ ಸಹವಾಸ ಬೇಡ.”

“ಅಲ್ಲಾಡಲ್ಲ, ಅದಕ್ಕೇ ಬೇಡ ಅಂದ್ರಿ.”

“ಅದೂ ಹೌದು.”

“ಹಾಗಾದ್ರೆ ಇವರನ್ನ ಏನ್ಮಾಡ್ಲಿ?”

ಅಧ್ಯಕ್ಷರು ಬ್ರಷ್ಷು ಕೊಡವಿ, “ಕಮಿಟಿ ಮುಂದೆ ಇಡ್ತೀನಿ” ಎಂದರು.

ಅವರ ಮೇಲೆ ಮರುಕ ಹುಟ್ಟುವುದರಲ್ಲಿತ್ತು, ಆ ಒಂದು ಮಾತಿಗೆ ಅದೂ ಸತ್ತಿತು. ಹಲ್ಲಿನಕ್ಕ ಕೈ ಮುಚ್ಚಿಕೊಂಡು ಇಳಿದಳು. ಇಳಿಯುತ್ತ ಇಳಿಯುತ್ತ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರನ್ನೂ ತಕ್ಕಡಿಗೆ ಹಾಕಿ ತೂಗಿದಳು, ಇಬ್ಬರೂ ಸರಿಸಮ ತೂಗಿದರು. ಒಬ್ಬ ತನಗೆ ಅವಮಾನವಾಯಿತೆಂದು ಮನುಷ್ಯಕುಲವನ್ನೇ ಗುಡಿಸಿಹಾಕಿದ್ದಾನೆ. ಇನ್ನೊಬ್ಬ ಅವಮಾನ ಮಾಡಲೆಂದೇ ಮನುಷ್ಯರನ್ನು ಅಂಟಿಸಿಟ್ಟಿದ್ದಾನೆ. ಆದರೆ ಕೆಳಗೆ ಅವಳ ನಿಲ್ದಾಣಕ್ಕೆ ರೈಲು ಬಂದಿತ್ತು. ಬಂದು ನಿಂತಿತ್ತು. ಅದನ್ನು ಬಿಟ್ಟು ಮನೆಗೆ ಹೋಗಿ ಮತ್ತೆ ಕೈಯಿಂದ ಕೈಗೆ ರೈಲು ದಾಟಿಸುವುದು ಅವಳಿಂದಾಗದು.

ನೆಲಮಾಳಿಗೆಗೆ ಹೋದವಳೇ ಕ್ಯಾಮೆರಾದವನನ್ನು ತನ್ನ ಪ್ಲಾಟ್‌ಫಾರಮ್ಮಿನಲ್ಲಿ, ಜಗಳವಾಡಿ ಕೂತ ಗಂಡ ಹೆಂಡಿರ ಎದುರು ನಿಲ್ಲಿಸಿ ಬುಡಕ್ಕೆ ಅಂಟು ಬಿಟ್ಟಳು. ಆಮೇಲೆ ಮಾರುಕಟ್ಟೆಯ ಹಿಂದೆ ಹೋಗಿ ಎರಡನೆಯವನನ್ನು ಎತ್ತಿದಳು.

“ಏನ್ಮಾಡ್ತಿದೀರ?” ಎಂದ ಕಾರ್ಯದರ್ಶಿ.

“ಇವರೆಲ್ಲ ನನ್ನ ಸ್ಟೇಷನ್ನಿಗೆ ಬರ್ತಾರೆ.”

“ನಮ್ಮನ್ನ ಬಿಟ್ಟು ಹೋದೋರು ಕಣಕ್ಕ ಅವರು.”

“ಬಿಟ್ಟು ಹೋಗೋರಿಗೆ ಅಂತಲೇ ಅಲ್ವಾ ಸ್ಟೇಷನ್ ಕಟ್ಟೋದು? ಇಲ್ಲೇ ಇರೋರಿಗೆ ಅದ್ಯಾಕೆ ಬೇಕು?”

ಟೀಯವನು ನಕ್ಕುಬಿಟ್ಟು, ಕಾರ್ಯದರ್ಶಿಯ ಮುಖ ನೋಡಿ ಕೆಮ್ಮಿದ. ಅಷ್ಟರಲ್ಲಿ ನಾಲ್ಕನೆಯವನೂ ಐದನೆಯವನೂ ಪ್ಲಾಟ್‌ಫಾರಮ್ ಸೇರಿದ್ದರು. ಕಾರ್ಯದರ್ಶಿ ಶೌಚಾಲಯದ ಮುಂದೆ ಕೈ ಅಡ್ಡ ಹಿಡಿದ.

“ನಾಲ್ಕು ಜನ ಹೋಗ್ಲಿ. ಅಧ್ಯಕ್ಷ ಮಾತ್ರ ಇಲ್ಲೇ. ಅವನನ್ನ ಕೊಡಲ್ಲ.”

“ಕ್ಲಾಂಪು ಬಿಚ್ಚು” ಎಂದಳು ಹಲ್ಲಿನಕ್ಕ ಗಂಡನಿಗೆ.

“ಮತ್ತೆ ಎತ್ಬೇಕಾ?” ಎಂದ ಗಂಡ. ಆದರೂ ಸ್ಕ್ರೂ ಒಂದು ಸುತ್ತು ತಿರುಗಿಸಿದ. ಹಲಗೆ ಕಿರ್ ಎಂದಿತು. ಸುತ್ತ ನಿಂತವರೆಲ್ಲ ಕಾರ್ಯದರ್ಶಿಯನ್ನು ನೋಡಿದರು. ವರ್ಷಗಳಿಂದ ನಿಲ್ಲಲು ಜಾಗವಿಲ್ಲದೆ ಸುತ್ತಿದ ರೈಲು ಬೆಟ್ಟದ ಹಿಂದೆ ಮೂತಿ ತೋರಿಸಿಕೊಂಡು ನಿಂತಿತ್ತು.

“ಕಮಿಟಿಯಲ್ಲಿ ಮಾತಾಡಿ ಹೇಳ್ತೀನಿ” ಎಂದ ಅವನು.

“ಕಮಿಟಿ ಇಲ್ಲೇ ನಿಂತಿದೆಯಲ್ಲ, ಟೀ ಕುಡೀತಾ. ಈಗಲೇ ಮಾತಾಡಿ.”

ಗಂಡ ಇನ್ನೊಂದು ಸುತ್ತು ತಿರುಗಿಸಿದ. ಕಾರ್ಯದರ್ಶಿ ಬಾಯಲ್ಲೇ ಏನೋ ಬೈದುಕೊಂಡು ಅಧ್ಯಕ್ಷನನ್ನು ಬರಿಗೈಯಲ್ಲೇ ಕಿತ್ತ. ಶೌಚಾಲಯದ ಹೊಸ್ತಿಲೂ ಜೊತೆಗೇ ಕಿತ್ತು ಬಂತು. “ತಗೊಳ್ಳಿ. ಮುಖ ಗೋಡೆ ಕಡೆ ಮಾಡಿ ನಿಲ್ಲಿಸಿ.”

“ಹಳಿ ಕಡೆ ನಿಲ್ಲಿಸ್ತೀನಿ. ಗಾಡಿ ಬರೋದು ಕಾಣ್ಬೇಕಲ್ಲ.”

ಪ್ಯಾಂಟು ಹಿಡಿದು ಬಗ್ಗಿದವನನ್ನು ಹಲ್ಲಿನಕ್ಕ ಪ್ಲಾಟ್‌ಫಾರಮ್ಮಿನ ಅಂಚಿಗೆ ನಿಲ್ಲಿಸಿ, ಅವನ ಎರಡು ಕೈಗಳ ಕೆಳಗೆ ಒಂದು ಪೆಟ್ಟಿಗೆ ಇಟ್ಟಳು. ಈಗ ಅವನು ಸಾಮಾನು ಎತ್ತಲು ಬಗ್ಗಿದವನ ಹಾಗಿದ್ದ. ಸಿಟ್ಟಿಗೆ ಅಂಟು ಒಂದು ಹನಿ ಹೆಚ್ಚೇ ಬಿತ್ತು. ಇನ್ನು ಅವನನ್ನು ಯಾರೂ ಕೀಳುವ ಹಾಗಿಲ್ಲ.

ಗಂಡ ಕ್ಲಾಂಪು ಬಿಗಿದ. ಕಾರ್ಯದರ್ಶಿ ಗುಂಡಿ ತಿರುಗಿಸಿದ. ರೈಲು ಬೆಟ್ಟ ಇಳಿಯಿತು, ಹಳಿ ತಪ್ಪಿತು, ಯಾರೋ ಎತ್ತಿ ಕೂರಿಸಿದರು, ಮಾರುಕಟ್ಟೆ ದಾಟಿ ನಿಲ್ದಾಣಕ್ಕೆ ಬಂದು ನಿಂತಿತು.

“ಅರ್ಧ ನಿಮಿಷ” ಎಂದ ಕಾರ್ಯದರ್ಶಿ, ಗುಂಡಿಯ ಮೇಲಿನ ಕೈ ತೆಗೆಯದೆ. “ಆ ಮನುಷ್ಯನಿಗೋಸ್ಕರ ಅದಕ್ಕಿಂತ ಜಾಸ್ತಿ ನಿಲ್ಲಿಸಲ್ಲ.”

“ವಯಸ್ಸಾಗಿದೆ, ಲಗೇಜು ಬೇರೆ ಇದೆ” ಎಂದಳು ಹಲ್ಲಿನಕ್ಕ. “ಒಂದು ನಿಮಿಷ ನಿಲ್ಲಿಸಿ.”

ಕಾರ್ಯದರ್ಶಿ ಛಾವಣಿಯ ಕಡೆಗೊಮ್ಮೆ ದುರುಗುಟ್ಟಿ ನೋಡಿದ. ಗೊಣಗಿದ. ನಿಲ್ಲಿಸಿಕೊಂಡೇ ನಿಂತ.