ಒಂದೇ ಕೆರೆಯ ಎರಡು ಪಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅಕ್ಕನೇನೂ ಕಡಿಮೆಯವಳಲ್ಲ. ಒಂಬತ್ತು ವರ್ಷ ಇಬ್ಬರೂ ದಿನಾ ಬೆಳಿಗ್ಗೆ ನಮ್ಮ ಬೀದಿಯ ಹಿಂದಿನ ಕೆರೆಯಲ್ಲಿ ಗುಳುಮುಳುಕಗಳನ್ನು ಎಣಿಸಿ, ಹಕ್ಕಿ ದಾಖಲೆಯ ಜಾಲತಾಣಕ್ಕೆ ಒಂದೇ ಪಟ್ಟಿ ಕಳಿಸುತ್ತಿದ್ದೆವು. ಗುಳುಮುಳುಕವೆಂದರೆ ಪುಟ್ಟ ನೀರುಹಕ್ಕಿ. ಇಲ್ಲಿ ಮುಳುಗಿ ಇನ್ನೆಲ್ಲೋ ಏಳುತ್ತದೆ. ಎರಡು ವರ್ಷದ ಹಿಂದೆ ಒಂದು ದಿನ ನಾನು ನಲವತ್ತು ಎಂದೆ, ಅವಳು ನಲವತ್ತೊಂದು ಎಂದಳು. ಎದ್ದದ್ದನ್ನೇ ಮತ್ತೆ ಎಣಿಸಿದ್ದೀಯ ಎಂದು ನಾನು, ನಿನಗೆ ಎಣಿಸಲು ಕಲಿಸಿದವಳೇ ನಾನು ಎಂದು ಅವಳು. ಮಾತಿಗೆ ಮಾತು ಬೆಳೆದು, ಹಳೆಯದೆಲ್ಲ ಹೊರಬಂದು, ಮಾತೇ ಬಿಟ್ಟೆವು.

ಅವತ್ತಿನಿಂದ ನಾನು ಏರಿಯ ಮೇಲೆ ನಿಂತು ಎಣಿಸಿ ನನ್ನ ಪಟ್ಟಿ ಕಳಿಸಿದೆ. ಅವಳು ತನ್ನ ಮನೆಯ ತಾರಸಿಯಿಂದ ಎಣಿಸಿ, ಜಾಗದ ಹೆಸರು ‘ನಮ್ಮ ತಾರಸಿ’ ಎಂದು ಹಾಕಿ ತನ್ನದು ಕಳಿಸಿದಳು. ಅದನ್ನು ನಾನು ಕಣ್ಣೆತ್ತಿಯೂ ನೋಡಲಿಲ್ಲ.

ಮೊನ್ನೆ ಮಧ್ಯಾಹ್ನ ಆ ಜಾಲತಾಣದ ದಾಖಲೆಗಳನ್ನು ಪರಿಶೀಲಿಸುವಾತ ಫೋನ್ ಮಾಡಿದ. ಅರ್ಧ ಕೆರೆ ಮುಚ್ಚಿ ಬಸ್ ನಿಲ್ದಾಣ ಮಾಡುತ್ತಾರಂತೆ. ಹಕ್ಕಿ ಕಡಿಮೆಯಾಗಿದ್ದರೆ ತಡೆಯಬಹುದಿತ್ತು, ಆದರೆ ದಾಖಲೆಯಲ್ಲಿ ಎರಡು ವರ್ಷದ ಹಿಂದೆಯೂ ನಲವತ್ತು, ಈಗಲೂ ನಲವತ್ತೇ ಇದೆಯಲ್ಲ ಎಂದ. ನನ್ನ ಪಟ್ಟಿಯಲ್ಲಿ ಇರುವುದೇ ಇಪ್ಪತ್ತು ಎಂದೆ. ನಿಮ್ಮ ಅಕ್ಕನದರಲ್ಲೂ ಇಪ್ಪತ್ತು ಎಂದ. ಅದೇ ಇಪ್ಪತ್ತು ಹಕ್ಕಿಗಳನ್ನು ಇಬ್ಬರೂ ಕಳಿಸಿದ್ದೆವು, ಅವರು ಎರಡು ಜಾಗವೆಂದು ಕೂಡಿಸಿದ್ದರು. ನಮ್ಮ ಜಗಳದಲ್ಲಿ ಅರ್ಧಕ್ಕರ್ಧ ಹಕ್ಕಿ ಹೋದದ್ದು ದಾಖಲೆಯಲ್ಲಿ ಕಾಣಿಸಿರಲೇ ಇಲ್ಲ. ಸಂಜೆ ಐದಕ್ಕೆ ನಿಲ್ದಾಣದ ವಿಷಯ ತೀರ್ಮಾನಿಸುವ ಸಭೆ, ಅಷ್ಟರೊಳಗೆ ಇಬ್ಬರೂ ಸಹಿ ಹಾಕಿ ಬರೆದುಕೊಡಿ ಎಂದ.

ಅಕ್ಕನ ಬಾಗಿಲು ತಟ್ಟಲು ನಾಚಿಕೆಯಾಯಿತು, ಆದರೂ ತಟ್ಟಿದೆ. ವಿಷಯ ಹೇಳಿ, ಇಬ್ಬರೂ ಒಟ್ಟಿಗೆ ಎಣಿಸಿದ್ದೆಂದು ಬರೆದರೆ ಮುಗಿಯಿತು ಎಂದೆ. ಅವಳು ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದಳು.

“ಹೋದ ವರ್ಷದಿಂದ ನಾನು ಎಣಿಸೇ ಇಲ್ಲ ಕಣೇ. ಫೋನಿನ ಅಕ್ಷರ ದೊಡ್ಡದು ಮಾಡ್ಕೊಂಡ್ರೆ ಕಾಣುತ್ತೆ, ಕೆರೆ ಕಾಣಲ್ಲ. ನಿನ್ನ ಪಟ್ಟಿ ನೋಡ್ಕೊಂಡು ಹಾಕ್ತಿದ್ದೆ.”

ಸಿಟ್ಟು ನೆತ್ತಿಗೇರಿತು. ಕಾಣದ್ದನ್ನು ಬರೆಯಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಟೀಚರು ಇವಳು. ಫೋನ್ ಮಾಡಿದವನೂ ಇವಳ ಶಿಷ್ಯನೇ. ಅದು ನೆನಪಾದ ಮೇಲೆ ಸಿಟ್ಟು ಇಳಿಯಿತು. ಅದನ್ನೆಲ್ಲ ಯಾರೂ ಕೇಳಿಲ್ಲ, ಒಟ್ಟಿಗೆ ಎಂದೇ ಬರೆಯೋಣ, ನಿನ್ನ ಮರ್ಯಾದೆಯೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ ಎಂದೆ.

“ಬೇಡ. ಒಂದು ಸುಳ್ಳು ಹೇಳಿದ್ದು ಸಾಕು. ನಾನು ಹೇಳ್ತೀನಿ, ನೀನು ಬರಿ.”

ಅವಳು ಬರೆಸಿದಳು: ಮೊದಲ ವರ್ಷ ನಾನು ಕಂಡದ್ದು ತಂಗಿ ಕಂಡ ಹಕ್ಕಿಗಳನ್ನೇ, ಆಮೇಲಿನದು ಕಾಣದೆ ನಕಲು ಮಾಡಿದ್ದು, ಎರಡು ವರ್ಷದ ನನ್ನ ಪಟ್ಟಿಗಳನ್ನೆಲ್ಲ ಹೊಡೆದುಹಾಕಿ. ಅಷ್ಟೇ. ಒಂದು ಪದವನ್ನೂ ಮೆದು ಮಾಡಲು ಬಿಡಲಿಲ್ಲ. ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ ಸಹಿ ಹಾಕಿದಳು.

ಕಣ್ಣು ಕಾಣದಾದ ಮೇಲೆ ನಿಲ್ಲಿಸಬಹುದಿತ್ತಲ್ಲ ಎಂದು ಕೇಳಿದೆ.

“ದಿನಾ ಏಳೂವರೆಗೆ ನಿನ್ನ ಪಟ್ಟಿ ಬರ್ತಿತ್ತು,” ಎಂದಳು. “ಅದೊಂದೇ ಕಣೇ ನೀನು ನನ್ನ ಹತ್ರ ಮಾತಾಡ್ತಿದ್ದಿದ್ದು.”

ಕಾಗದ ಒದ್ದೆಯಾಗಬಾರದೆಂದು ಪಕ್ಕಕ್ಕಿಟ್ಟು ಅತ್ತುಬಿಟ್ಟೆ. ಆಗ ಗಂಟೆ ನಾಲ್ಕೂವರೆ.