ಇಪ್ಪತ್ತೆರಡನೆಯ ಸಾಲಿನ ‘ಮನೈ’

ಇದು ತನ್ನ ಅಕ್ಷರವೇ? ಶುದ್ಧಪ್ರತಿ ಮಾಡುವಾಗ ಬೇರೆ ಗುಮಾಸ್ತರು ಯಾರಾದರೂ ಹೀಗೆ ಬರೆದಿರಬಾರದೇಕೆ? ಮುತ್ತಯ್ಯ ಪಟ್ಟಿಯನ್ನು ಮೂರನೆಯ ಸಲ ಕಣ್ಣಿನ ಹತ್ತಿರ ಹಿಡಿದ. ಪದದ ಕೊನೆಯನ್ನು ಅಷ್ಟುದ್ದ ಎಳೆಯುವವನು ಕಚೇರಿಯಲ್ಲಿ ತಾನೊಬ್ಬನೇ.

ಇಪ್ಪತ್ತೆರಡನೆಯ ಸಾಲು, ಮೂಕಮ್ಮಾಳ್. ಎದುರಿಗೆ ತಮಿಳಿನಲ್ಲಿ ‘ಮನೈ’ ಎಂದಿತ್ತು.

ಉಳಿದ ಸಾಲುಗಳಲ್ಲೆಲ್ಲ ‘ವೀಡು’. ಜನ ವಾಸವಿರುವುದು ತಮಿಳಿಗೆ ವೀಡು. ಮನೈ ಎಂದರೆ ಬರೀ ನಿವೇಶನ, ಏನೂ ಕಟ್ಟದ ಜಾಗ. ದಿಂಡಿಗಲ್ಲಿನಲ್ಲಿ ಮೂರು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಇದು ತಿಳಿಯದ್ದಲ್ಲ. ಆದರೆ ರೈಲ್ವೆ ಸ್ಟೇಷನ್ನಿನ ರಸ್ತೆ ಅಗಲ ಮಾಡಲು ಅಳೆಯುತ್ತ ಹೋದ ಆ ಮಧ್ಯಾಹ್ನ, ಮುದುಕಿ ಬಾಗಿಲಲ್ಲಿ ನಿಂತು, “ನಮ್ಮನೆ ತಮ್ಮಾ, ಹಂಗೇ ಬರ್ಕೊ” ಎಂದಿದ್ದಳು. ಕಂಬಂ ಕಣಿವೆಯ ಕನ್ನಡ. ಹುಟ್ಟೂರು ಕಾಮಯಗೌಂಡನ್‌ಪಟ್ಟಿಯಲ್ಲಿ ಅವನ ಅವ್ವ ಆಡುವ ಮಾತು. ಕಚೇರಿಯಲ್ಲಿ ನಾಲಿಗೆಗೆ ಬಾರದಂತೆ ಅದುಮಿಟ್ಟುಕೊಂಡದ್ದು ಕೈಗೆ ಇಳಿದು, ಅವಳ ‘ಮನೆ’ ತಮಿಳಕ್ಷರದಲ್ಲಿ ‘ಮನೈ’ ಆಗಿಬಿಟ್ಟಿತ್ತು.

ರಸ್ತೆಯ ಗೆರೆಯೊಳಗೆ ವೀಡು ಇದ್ದವರಿಗೆ ಊರಾಚೆಯ ಹೊಸ ಬೀದಿಯಲ್ಲಿ ಜಾಗ ಸಿಗುತ್ತಿತ್ತು. ಮನೈ ಎಂದಿದ್ದ ಕಡೆ ಏನಾದರೂ ಕಂಡರೆ ಪಟ್ಟಿಯಾದ ಮೇಲೆ ಕಟ್ಟಿದ್ದೆಂದು ಕೆಡವುವುದಷ್ಟೇ, ಬೇರೇನೂ ಇಲ್ಲ. ಅವನ ಕೆಲಸವೂ ಇನ್ನೂ ಖಾಯಮ್ಮಾಗಿರಲಿಲ್ಲ. ಹಿಂದಿನ ತಿಂಗಳು ಒಂದು ಅಳತೆ ತಪ್ಪಿದ್ದಕ್ಕೆ, ಇನ್ನೊಂದು ತಪ್ಪಾದರೆ ಊರಿಗೆ ಹೋಗಬಹುದು ಎಂದು ಮೇಲಿನವರು ಹೇಳಿ ಕಳಿಸಿದ್ದರು.

“ಏನಯ್ಯಾ, ಪಟ್ಟಿಗೆ ಮುತ್ತು ಕೊಡ್ತೀಯಾ? ನಡಿ,” ಎಂದ ಓವರ್‌ಸೀಯರ್ ಕರುಪ್ಪಯ್ಯ.

ಇಬ್ಬರೂ ಬಿಸಿಲಲ್ಲಿ ನಡೆದರು. ಹದ ಮಾಡಿದ ತೊಗಲು ಹೇರಿದ ಗಾಡಿಗಳು ಸ್ಟೇಷನ್ನಿನ ಕಡೆ ಸಾಲುಗಟ್ಟಿದ್ದವು. ರಸ್ತೆಯ ಆ ಮಗ್ಗುಲು ಆಗಲೇ ಬಯಲಾಗಿತ್ತು. ಈ ಮಗ್ಗುಲಿನ ಕೊನೆಯಲ್ಲಿ ಮೂಕಮ್ಮಾಳ್ ಮನೆ. ಹೋದ ವಾರವಷ್ಟೇ ಮಾಡಿಗೆ ಹೊಸ ತಾಳೆಗರಿ ಹೊದಿಸಿದ್ದಳು. ಅದು ಇನ್ನೂ ಹಸಿರಾಗಿತ್ತು.

ಕರುಪ್ಪಯ್ಯ ಗರಿಯನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದ. “ಅಜ್ಜೀ, ಗುಡಿಸಲು ಹಾಕಿ ಎಷ್ಟು ದಿನ ಆಯ್ತು? ಜಾಗ ಸಿಗುತ್ತೆ ಅಂತ ಕಿವಿಗೆ ಬಿದ್ದ ಮೇಲೋ?”

“ನಿನ್ನ ಮದುವೆಗೆ ಮುಂಚೆ,” ಎಂದಳು ಮೂಕಮ್ಮಾಳ್ ತಮಿಳಿನಲ್ಲೇ. “ರೈಲು ಬರೋ ಮೊದಲು ನನ್ನ ಗಂಡ ಗೋಡೆ ಇಟ್ಟ. ಅಕ್ಕಪಕ್ಕದವರನ್ನು ಕೇಳು.”

“ಅಕ್ಕಪಕ್ಕದವರು ಚಂದ್ರನ ಮೇಲೂ ನಿನ್ನ ಮನೆ ಇದೆ ಅಂತಾರೆ.”

“ಹಂಗಾರೆ ಈ ತಂಬಿಯನ್ನು ಕೇಳು. ಅಳೆಯೋಕೆ ಬಂದವನು ಇದೇ ತಿಣ್ಣೆ ಮೇಲೆ ಕೂತು ಎರಡು ಚೊಂಬು ಮಜ್ಜಿಗೆ ಕುಡಿದ.”

ಕರುಪ್ಪಯ್ಯ ತಿರುಗಿದ. “ಇಲ್ಲಿ ಮನೈ ಅಂತ ನೀನೇ ಬರೆದಿದ್ದೀಯ. ನೀನು ಬಂದಾಗ ಇಲ್ಲಿ ವೀಡು ಇತ್ತಾ?”

ಇತ್ತು ಎಂದರೆ ಮುತ್ತಯ್ಯನ ಕೆಲಸ ಹೋಗುತ್ತದೆ. ಇರಲಿಲ್ಲ ಎನ್ನಲು ಬಾಯಿ ಬರದು. ಗಾಡಿಯೊಂದು ಕೀರಲಿಡುತ್ತ ದಾಟುವವರೆಗೆ ಅವನು ಪಟ್ಟಿಯ ಅಂಚನ್ನು ಉಗುರಿನಿಂದ ನೀವುತ್ತಿದ್ದ. ಆಮೇಲೂ ನೀವುತ್ತಲೇ ಇದ್ದ.

“ಸರಿ, ಇರಲಿಲ್ಲ ಅಂತಾಯ್ತು,” ಎಂದು ಕರುಪ್ಪಯ್ಯ ಗೋಡೆಗೆ ಸುಣ್ಣದ ಗುರುತು ಎಳೆದ.

ಗುರುವಾರ ಆಳುಗಳು ಬಂದು ಮಾಡು ಇಳಿಸಿದರು. ಮುತ್ತಯ್ಯನನ್ನು ಲೆಕ್ಕಕ್ಕೆ ನಿಲ್ಲಿಸಿದ್ದರು. ಮೂಕಮ್ಮಾಳ್ ಒರಳನ್ನು ಉರುಳಿಸಿಕೊಂಡು ರಸ್ತೆಯಂಚಿಗೆ ಬಂದಳು. ಆಂಡಿಪಟ್ಟಿಯಲ್ಲಿದ್ದ ತಂಗಿ ಪಳನಿಯಮ್ಮಾಳಳ ಮನೆಗೆ ಹೊರಟಿದ್ದಳು.

“ಬಿಸ್ಲಾಗೆ ಯಾಕ್ ನಿಂತೀಯ ತಮ್ಮಾ,” ಎಂದಳು, ಈ ಸಲ ಕನ್ನಡದಲ್ಲಿ. “ಅವತ್ತು ಆ ಪೆದ್ದನ ಮುಂದೆ ಬಾಯ್ ಬಿಟ್ಟಿದ್ರೆ ನಿನ್ ಹೊಟ್ಟೆ ಮೇಲೇ ಹೊಡೀತಿದ್ದ. ಬಿಡು. ಯಾವನೋ ಕುರುಡ ಬರ್ದವ್ನೆ, ನೀ ಏನ್ ಮಾಡ್ತೀಯ?”

ನೀನೇ ಬರೆದಿದ್ದೀಯ ಎಂದು ಓವರ್‌ಸೀಯರ್ ಅಂದದ್ದು ಅವಳ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದೂ ಹೀಗನ್ನುತ್ತಿದ್ದಾಳೋ, ಮುತ್ತಯ್ಯನಿಗೆ ತಿಳಿಯಲಿಲ್ಲ. ಒರಳನ್ನು ಗಾಡಿಗೆ ಏರಿಸಲು ಅವನು ಕೈ ಹಾಕಿದ. ಭಾರವಾಗಿತ್ತು. ಇಬ್ಬರೂ ಎರಡು ಸಲ ನಿಲ್ಲಿಸಿ ಉಸಿರು ತಿರುಗಿಸಿಕೊಂಡರು.

“ಹೋಗ್ಬತ್ತೀನಿ,” ಎಂದು ಅವಳು ಗಾಡಿ ಹತ್ತಿದಳು. ಅವನು ತಲೆ ಆಡಿಸಿದ.

ಮುಂದಿನ ವರ್ಷ ಅವನ ಕೆಲಸ ಖಾಯಮ್ಮಾಯಿತು. ತಾನು ಅಳೆಯಲು ಹೋದ ದಿನ ಅಲ್ಲಿ ಮನೆ ಇತ್ತು ಎಂದು ಮುತ್ತಯ್ಯ ಯಾರಿಗೂ ಹೇಳಲಿಲ್ಲ.